ರಾಗಿ ತಿಂದ್ರೂ ಶುಗರ್ ಯಾಕೆ ಬಂತು? ತಟ್ಟೆಯ ಲೆಕ್ಕ, ನಡಿಗೆಯ ಲೆಕ್ಕ, ಮಾತ್ರೆಯ ಲೆಕ್ಕ



ವಾರ ವಾರ ಇಲ್ಲಿ ಬೆಳೆ, ಗೊಬ್ಬರ, ರೋಗ, ರೇಟು ಅಂತ ಮಾತಾಡ್ತೀವಿ. ಈ ವಾರ ಬೆಳೆ ಬೆಳೆಯೋರ ಮೈ ಬಗ್ಗೆ ಮಾತಾಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ತಾಲ್ಲೂಕಿನ ಹಳ್ಳಿಗೆ ಹೋದ್ರೂ ಬೆಳಿಗ್ಗೆ ಡೈರಿ ಮುಂದೆ ಹಾಲಿನ ಕ್ಯಾನ್ ಇಟ್ಕೊಂಡು ನಿಂತವರು ಕೇಳೋ ಪ್ರಶ್ನೆ ಈಗ ಎರಡು. ಬೋರಲ್ಲಿ ನೀರೆಷ್ಟು ಬರ್ತಿದೆ? ಶುಗರ್ ಎಷ್ಟಿದೆ?

ಜೊತೆಗೆ ಇನ್ನೊಂದು ಮಾತೂ ಬರುತ್ತೆ. "ನಾವು ಹುಟ್ಟಿದಾಗಿಂದ ರಾಗಿ ತಿಂದವರು, ನಮಗೆ ಹೇಗಪ್ಪಾ ಬಂತು ಈ ಕಾಯಿಲೆ?" ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಾದ್ರೆ ಶುಗರನ್ನು ಹತೋಟಿಗೆ ತರೋ ಅರ್ಧ ದಾರಿ ಸಿಕ್ಕ ಹಾಗೆ. ಉತ್ತರ ಗೊತ್ತಿಲ್ಲದೆ ಇದ್ರೆ ಯಾರೋ ಫಾರ್ವರ್ಡ್ ಮಾಡಿದ ವಿಡಿಯೋ ನೋಡಿ ಕಷಾಯ ಕುಡಿದು, ಮಾತ್ರೆ ಬಿಟ್ಟು, ಕಾಲು ಕಳ್ಕೊಳ್ಳೋ ದಾರಿ ಹಿಡೀತೀವಿ.

ಇದು ಬರೀ ವಯಸ್ಸಾದವರ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್) ದೇಶದ ಎಲ್ಲಾ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. 20 ವರ್ಷ ದಾಟಿದವರಲ್ಲಿ 100ಕ್ಕೆ ಸುಮಾರು 11 ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಹಳ್ಳಿಗಳಲ್ಲೇ ಲೆಕ್ಕ ಹಾಕಿದ್ರೆ 100ಕ್ಕೆ ಹತ್ತಿರತ್ತಿರ 9. ಇನ್ನೂ 15 ಜನ ಬಾರ್ಡರ್‌ನಲ್ಲಿದ್ದಾರೆ. ಬಾರ್ಡರ್‌ನಲ್ಲಿರೋರ ವಿಷಯದಲ್ಲಿ ಹಳ್ಳಿಗೂ ಸಿಟಿಗೂ ವ್ಯತ್ಯಾಸವೇ ಇಲ್ಲ. ಅಂದ್ರೆ ಕಾಯಿಲೆ ಹಳ್ಳಿ ಬಾಗಿಲಿಗೆ ಬಂದು ನಿಂತಿದೆ.

ರಾಗಿ ಮೋಸ ಮಾಡಿಲ್ಲ

ಮೊದಲು ರಾಗಿಯ ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಸತ್ವದ ಪಟ್ಟಿ ಮಾಡಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಿಷ್ಟ ಸುಮಾರು 67 ಗ್ರಾಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಪಿಷ್ಟ 78 ಗ್ರಾಂ. ನಾರು ಹೆಚ್ಚಿದ್ರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತೆ. ಹನಿ ನೀರಾವರಿಗೂ ಹಾಯಿ ನೀರಿಗೂ ಇರೋ ವ್ಯತ್ಯಾಸ ಇದ್ದ ಹಾಗೆ. ಹಾಗಾಗಿ ಬಿಳಿ ಅನ್ನಕ್ಕಿಂತ ರಾಗಿ ಮೇಲು ಅನ್ನೋದು ನಿಜ.

ಆದ್ರೆ ಆ 67 ಗ್ರಾಂ ಪಿಷ್ಟ ಮಾಯ ಆಗಲ್ಲ. ಹೊಟ್ಟೆಗೆ ಹೋದ ಮೇಲೆ ಅದೂ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತೆ. ಹನಿ ನೀರಾವರಿ ಮಾಡಿದೀನಿ ಅಂತ ದಿನವಿಡೀ ವಾಲ್ವ್ ಬಿಟ್ರೆ ತೋಟ ಕೆಸರಾಗಲ್ವೇ? ಇದೂ ಹಾಗೇ. "ರಾಗಿ ತಾನೇ, ಏನಾಗಲ್ಲ" ಅಂತ ಎರಡು ಮುದ್ದೆ ನುಂಗಿ, ಮೇಲೆ ಒಂದು ತಟ್ಟೆ ಅನ್ನ ಉಂಡ್ರೆ ಶುಗರ್ ಏರುತ್ತೆ.

ಹಿಂದೆ ನಮ್ಮ ತಾತ ಎರಡು ಮುದ್ದೆ ಉಣ್ಣುತ್ತಿದ್ರು, ನಿಜ. ಅವರು ಬೆಳಿಗ್ಗೆ ನೇಗಿಲು ಹೂಡಿದ್ರೆ ಬಿಸಿಲೇರೋವರೆಗೂ ಎತ್ತಿನ ಹಿಂದೆ ನಡೀತಿದ್ರು. ಕಪಿಲೆ ಹೊಡೀತಿದ್ರು, ಸಂತೆಗೆ ನಡ್ಕೊಂಡು ಹೋಗ್ತಿದ್ರು. ಇವತ್ತು ನಾವು ಟ್ರ್ಯಾಕ್ಟರಿಗೆ ಫೋನ್ ಮಾಡ್ತೀವಿ, ಮೋಟಾರನ್ನ ಮೊಬೈಲಿಂದ ಆನ್ ಮಾಡ್ತೀವಿ, ಹೊಲಕ್ಕೆ ಬೈಕಲ್ಲಿ ಹೋಗ್ತೀವಿ. ದೇವನಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊಲದ ಕೆಲಸವೇ ಕಡಿಮೆಯಾಗಿದೆ. ಕೆಲಸ ಕಾಲು ಭಾಗಕ್ಕಿಳಿದಿದೆ, ಮುದ್ದೆ ಮಾತ್ರ ತಾತನ ಅಳತೆಯಲ್ಲೇ ಇದೆ. ಶುಗರ್ ಬಂದಿರೋದು ಈ ಸಂದಿಯಲ್ಲಿ.

ಸಣ್ಣಗಿದ್ದೀನಲ್ಲ ಅಂತ ಸುಮ್ಮನಿರಬೇಡಿ

ನಮ್ಮ ದೇಶದವರ ಮೈ ಬೇರೆ ತರ. ಕೈಕಾಲು ಸಣ್ಣಗಿದ್ರೂ ಹೊಟ್ಟೆಯೊಳಗೆ ಕೊಬ್ಬು ಕೂತಿರುತ್ತೆ. ಆ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ. ಇನ್ಸುಲಿನ್ ಅಂದ್ರೆ ರಕ್ತದಲ್ಲಿರೋ ಸಕ್ಕರೆಯನ್ನು ಮಾಂಸಖಂಡದೊಳಗೆ ಬಿಡೋ ಬೀಗದ ಕೈ ಅಂತ ಇಟ್ಕೊಳ್ಳಿ. ಕೊಬ್ಬು ಹೆಚ್ಚಾದ್ರೆ ಬೀಗಕ್ಕೆ ತುಕ್ಕು ಹಿಡಿದ ಹಾಗೆ, ಕೈ ತಿರುಗಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ.

ಒಂದು ಟೇಪ್ ತಗೊಂಡು ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದ್ರೆ ಎಚ್ಚರ. ಅಪ್ಪ ಅಮ್ಮನಿಗೆ ಶುಗರ್ ಇದ್ದು, ನಿಮ್ಮ ಹೊಟ್ಟೆಯೂ ಮುಂದೆ ಬಂದಿದ್ರೆ 25 ವರ್ಷಕ್ಕೇ ಒಂದು ಸಲ ಟೆಸ್ಟ್ ಮಾಡಿಸೋದು ಒಳ್ಳೇದು.

ಮುದ್ದೆ ಅಳೆಯೋದು ಹೇಗೆ?

ಮುದ್ದೆಯನ್ನ ಕಣ್ಣಳತೆಯಲ್ಲಿ ಲೆಕ್ಕ ಹಾಕೋಕಾಗಲ್ಲ, ನೀರು ಸೇರಿರುತ್ತೆ. ಹಿಟ್ಟಿನಿಂದ ಲೆಕ್ಕ ಹಾಕಿ. ಒಂದು ದಿನ ಮುದ್ದೆಗೆ ಹಾಕೋ ಹಿಟ್ಟನ್ನ ತಕ್ಕಡಿಯಲ್ಲಿ ತೂಗಿ. ಅರ್ಧ ಕೆ.ಜಿ ಹಿಟ್ಟಿಗೆ ನಾಲ್ಕು ಮುದ್ದೆ ಬಂತು ಅಂದ್ಕೊಳ್ಳಿ. ಒಂದೊಂದರಲ್ಲಿ 125 ಗ್ರಾಂ ಹಿಟ್ಟು, ಸುಮಾರು 83 ಗ್ರಾಂ ಪಿಷ್ಟ. ಎರಡು ಉಂಡ್ರೆ 166 ಗ್ರಾಂ. ಮೇಲೆ 100 ಗ್ರಾಂ ಅಕ್ಕಿಯ ಅನ್ನ ಉಂಡ್ರೆ ಇನ್ನೂ 78 ಗ್ರಾಂ. ಒಂದೇ ಊಟಕ್ಕೆ 240 ಗ್ರಾಂ ದಾಟಿತು.

ಈಗ ಇದನ್ನ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ ಜೊತೆ ಹೋಲಿಸಿ. ದಿನಕ್ಕೆ 2000 ಕ್ಯಾಲರಿ ಬೇಕಾದ ಮನುಷ್ಯನಿಗೆ ಇಡೀ ದಿನಕ್ಕೆ ಎಲ್ಲಾ ಧಾನ್ಯ ಸೇರಿ 250 ಗ್ರಾಂ. ಇಡ್ಲಿ, ಮುದ್ದೆ, ಅನ್ನ, ಚಪಾತಿ ಎಲ್ಲಾ ಇದರೊಳಗೇ ಬರಬೇಕು. ಮೇಲಿನ ಊಟದಲ್ಲಿ ಒಂದೇ ಹೊತ್ತಿಗೆ 350 ಗ್ರಾಂ ಧಾನ್ಯ ಹೋಯ್ತು.

ಹಾಗಂತ ಮುದ್ದೆ ಬಿಡಿ ಅಂತ ನಾನು ಹೇಳಲ್ಲ. ಬಿಟ್ರೆ ನಮ್ಮ ಕಡೆಯವರಿಗೆ ಊಟ ಮಾಡಿದ ಹಾಗೇ ಇರಲ್ಲ. ಹೀಗೆ ಮಾಡಿ:

- ಎರಡು ದೊಡ್ಡ ಮುದ್ದೆ ಬದಲು ಒಂದು ಸಣ್ಣ ಮುದ್ದೆ. ಹಿಟ್ಟು 70–80 ಗ್ರಾಂ ಸಾಕು.
- ಮುದ್ದೆ ಉಂಡ ಹೊತ್ತು ಅನ್ನ ಬೇಡ. ಎರಡರಲ್ಲಿ ಒಂದು.
- ಹಿಟ್ಟನ್ನ ನುಣ್ಣಗೆ ಜರಡಿ ಹಿಡಿದು ತೌಡು ಎಸೆಯಬೇಡಿ, ನಾರು ಇರೋದೇ ಅದರಲ್ಲಿ.
- ಮೊದಲು ಸೊಪ್ಪು, ಕಾಳು, ತರಕಾರಿ ತಿನ್ನಿ, ಆಮೇಲೆ ಮುದ್ದೆಗೆ ಕೈ ಹಾಕಿ. ಈ ಕ್ರಮದಲ್ಲಿ ಉಂಡ್ರೆ ಊಟದ ನಂತರದ ಶುಗರ್ ಕಡಿಮೆ ಏರುತ್ತೆ.
- ಬೆಲ್ಲ ಹಾಕಿದ ರಾಗಿ ಮಾಲ್ಟ್ ಶುಗರ್ ಇದ್ದವರಿಗೆ ಆರೋಗ್ಯ ಪಾನೀಯ ಅಲ್ಲ. ಮಜ್ಜಿಗೆ, ಉಪ್ಪು ಹಾಕಿದ ಅಂಬಲಿ ಪರವಾಗಿಲ್ಲ, ಅದೂ ಒಂದು ಲೋಟ.

ಸಿರಿಧಾನ್ಯಕ್ಕೂ ಇದೇ ಮಾತು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರು ಹಲವು ಅಧ್ಯಯನಗಳನ್ನ ಒಟ್ಟು ಮಾಡಿ 2021ರಲ್ಲಿ ಪ್ರಕಟಿಸಿದ ವರದಿ ಪ್ರಕಾರ, ರಾಗಿ ಮತ್ತು ಸಿರಿಧಾನ್ಯ ತಿಂದ ಶುಗರ್ ರೋಗಿಗಳಲ್ಲಿ ಖಾಲಿ ಹೊಟ್ಟೆಯ ಶುಗರ್ ಸುಮಾರು 12%, ಊಟದ ನಂತರದ್ದು ಸುಮಾರು 15% ಇಳಿದಿತ್ತು. ಒಳ್ಳೇದೇ. ಆದ್ರೆ ಗಮನಿಸಿ: 300 ಇರೋ ಶುಗರ್ 15% ಇಳಿದ್ರೂ 255. ಅನ್ನದ ಬದಲು ನವಣೆ, ಸಾಮೆ ತಿನ್ನಿ. ಅನ್ನದ ಜೊತೆಗೆ ತಿಂದ್ರೆ ಲಾಭ ಇಲ್ಲ.

ಅಕ್ಕಡಿ ಹೋಯ್ತು, ತಟ್ಟೆಯಿಂದ ಕಾಳೂ ಹೋಯ್ತು

ಇದು ನಮ್ಮ ರೈತರೇ ಸರಿ ಮಾಡಬಹುದಾದ ವಿಷಯ. ಹಿಂದೆ ನಮ್ಮ ಕಡೆ ರಾಗಿಯನ್ನ ಒಂಟಿಯಾಗಿ ಯಾರೂ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಇರ್ತಿತ್ತು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ. ರಾಗಿ ಹೊಲದ ಬದುವಲ್ಲೇ ಬೆರಕೆ ಸೊಪ್ಪು ಸಿಗ್ತಿತ್ತು. ಹಾಗಾಗಿ ಮುದ್ದೆ ಜೊತೆ ತಟ್ಟೆಯಲ್ಲಿ ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಅವರೆಕಾಳು ಸಾರು ಇರ್ತಿತ್ತು. ಕಾಳಿನ ಪ್ರೋಟೀನು, ಸೊಪ್ಪಿನ ನಾರು ಸೇರಿ ರಾಗಿಯ ಪಿಷ್ಟವನ್ನ ನಿಧಾನ ಮಾಡ್ತಿತ್ತು.

ಈಗ ಕಟಾವು ಯಂತ್ರಕ್ಕೆ ಅಡ್ಡ ಆಗುತ್ತೆ ಅಂತ ಅಕ್ಕಡಿ ಬಿಟ್ಟಿದ್ದೀವಿ. ಕಳೆನಾಶಕ ಹೊಡೆದ ಮೇಲೆ ಬೆರಕೆ ಸೊಪ್ಪೂ ಇಲ್ಲ. ಮುದ್ದೆ ಜೊತೆ ನೀರಾದ ಸಾರು, ಆಮೇಲೆ ಅನ್ನ. ಅಂದ್ರೆ ಹೊಲದಲ್ಲಿ ರಾಗಿ ಒಂಟಿಯಾದ ಹಾಗೇ ತಟ್ಟೆಯಲ್ಲೂ ಒಂಟಿಯಾಗಿದೆ.

ಮುಂದಿನ ಮುಂಗಾರಿಗೆ ಮನೆ ಖರ್ಚಿಗಾದ್ರೂ ಅಕ್ಕಡಿ ಹಾಕಿ. 8 ಸಾಲು ರಾಗಿಗೆ 2 ಸಾಲು ತೊಗರಿ, ಅಥವಾ 8 ಸಾಲಿಗೆ 1 ಸಾಲು ಅವರೆ ಅನ್ನೋದು ಶಿಫಾರಸು ಮಾಡಿದ ಅಳತೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ನಿಮ್ಮ ಜಮೀನಿಗೆ ಹೊಂದೋ ತಳಿ ಯಾವುದು ಅಂತ ಅಲ್ಲಿ ಕೇಳಿ. ಬಚ್ಚಲ ನೀರು ಹೋಗೋ ಕಡೆ ನುಗ್ಗೆ, ಬಸಳೆ, ದಂಟು ಹಾಕಿ. ಪೋಷಣಾ ಸಂಸ್ಥೆ ಹೇಳೋ ಪ್ರಕಾರ ಒಬ್ಬರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು ತರಕಾರಿ ಬೇಕು. ಇಷ್ಟನ್ನ ಅಂಗಡಿಯಿಂದ ದಿನಾ ತರೋಕೆ ನಮ್ಮಂಥವರಿಗೆ ಕಷ್ಟ. ಬೆಳೆದ್ರೆ ಸುಲಭ.

ಟೀ, ಬೆಲ್ಲ, ಹಣ್ಣು

ಒಂದು ಲೆಕ್ಕ ಮಾಡಿ. ಹಾಲು ಕರೆಯೋಕೆ ಮುಂಚೆ ಒಂದು ಟೀ, ಡೈರಿ ಹತ್ತಿರ ಒಂದು, ಹೊಲದಲ್ಲಿ ಕೂಲಿಯವರ ಜೊತೆ ಒಂದು, ಸಂಜೆ ಒಂದು, ಯಾರಾದ್ರೂ ಬಂದ್ರೆ ಇನ್ನೊಂದು. 5 ಟೀ, ಒಂದೊಂದಕ್ಕೆ 2 ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದ್ರೂ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆ.ಜಿ. ಇದೊಂದನ್ನ ನಿಲ್ಲಿಸಿದ್ರೇ ಎಷ್ಟೋ ಜನರ ರಿಪೋರ್ಟ್ ಬದಲಾಗುತ್ತೆ. ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡ್ತಾ ಬನ್ನಿ, ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತೆ.

ಸಕ್ಕರೆ ಬದಲು ಬೆಲ್ಲ ಹಾಕಿದ್ರೆ? ಗಾಣದ ಬೆಲ್ಲ ಆಗಲಿ, ಸಾವಯವ ಬೆಲ್ಲ ಆಗಲಿ, 100 ಗ್ರಾಂನಲ್ಲಿ ಸುಮಾರು 85 ಗ್ರಾಂ ಸಕ್ಕರೆ ಅಂಶವೇ. ಜೇನುತುಪ್ಪವೂ ಅಷ್ಟೇ. ಬೆಳೆದ ರೈತನಿಗೆ ಬೆಲ್ಲದಿಂದ ಲಾಭ ಇರಬಹುದು, ಶುಗರ್ ಇರೋ ರೈತನಿಗೆ ಇಲ್ಲ.

ಹಣ್ಣು ಪೂರ್ತಿ ಬಿಡಬೇಕಾಗಿಲ್ಲ. ಸೀಬೆ, ನೇರಳೆ, ದೇವನಹಳ್ಳಿ ಚಕ್ಕೋತ ಇಂಥವು ಸ್ವಲ್ಪ ಸ್ವಲ್ಪ ತಿನ್ನಬಹುದು, ದಿನಕ್ಕೆ 100 ಗ್ರಾಂ ಅಂದಾಜು. ಜ್ಯೂಸ್ ಮಾಡಿದ್ರೆ ನಾರು ಹೋಗಿ ಬರೀ ಸಕ್ಕರೆ ಉಳಿಯುತ್ತೆ, ಅದು ಬೇಡ. ತೂಬಗೆರೆ ಹಲಸಿನ ಕಾಲದಲ್ಲಿ ತೊಳೆ ಎಣಿಸಿ ತಿನ್ನಿ. ಎರಡು ಮೂರು ತೊಳೆ ಸಾಕು, ಬುಟ್ಟಿ ಮುಂದೆ ಇಟ್ಕೊಂಡು ಕೂರಬೇಡಿ. ಹೊಸಕೋಟೆಯಲ್ಲಿ ಬೆಳಗಿನ ಜಾವ ಬಿರಿಯಾನಿಗೆ ಹೋಗೋರಿಗೂ ಅದೇ ಮಾತು. ಯಾವಾಗಲಾದರೊಮ್ಮೆ, ಮಾಂಸ ಹೆಚ್ಚು, ಅನ್ನ ಕಡಿಮೆ.

ಊಟ ಆದ ಮೇಲೆ 10 ನಿಮಿಷ

"ರೈತನಿಗೆ ವಾಕಿಂಗ್ ಯಾಕೆ?" ಅಂತ ನಗೋರಿದ್ದಾರೆ. ಆದ್ರೆ ನಮ್ಮ ಕೆಲಸ ಒಂದೇ ಸಮ ಇರಲ್ಲ. ನಾಟಿ, ಕಟಾವು ಅಂದ್ರೆ ಒಂದು ವಾರ ಬೆನ್ನು ಮುರಿಯೋವಷ್ಟು, ಆಮೇಲೆ ಹದಿನೈದು ದಿನ ಏನೂ ಇಲ್ಲ. ಮೈಗೆ ಬೇಕಾಗಿರೋದು ದಿನಾ ಒಂದಿಷ್ಟು ಕೆಲಸ. ದುಡಿಯೋ ಮಾಂಸಖಂಡ ಇನ್ಸುಲಿನ್ ಹೆಚ್ಚು ಇಲ್ಲದೆಯೂ ರಕ್ತದಿಂದ ಸಕ್ಕರೆ ಹೀರಿಕೊಳ್ಳುತ್ತೆ. ಇದಕ್ಕೆ ಖರ್ಚೂ ಇಲ್ಲ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದಲ್ಲಿ ಯಾವಾಗಲೋ 30 ನಿಮಿಷ ನಡೆಯೋದಕ್ಕಿಂತ ಮೂರು ಊಟದ ನಂತರ 10–10 ನಿಮಿಷ ನಡೆದಾಗ ಊಟದ ನಂತರದ ಶುಗರ್ ಇನ್ನೂ 12% ಕಡಿಮೆ ಇತ್ತು. ರಾತ್ರಿ ಊಟದ ನಂತರ ನಡೆದಾಗ ವ್ಯತ್ಯಾಸ 22%. ನಾವು ರಾತ್ರಿ ಏನು ಮಾಡ್ತೀವಿ? ದೊಡ್ಡ ಊಟ ಮಾಡಿ, ಸೀರಿಯಲ್ ನೋಡಿ, ಮಲಗ್ತೀವಿ. ಊಟ 8 ಗಂಟೆಯೊಳಗೆ ಮುಗಿಸಿ, ಊರ ಬಾಗಿಲವರೆಗೆ ನಡೆದು ಬನ್ನಿ. ಹಾವು ಚೇಳಿನ ಭಯ ಇದ್ರೆ ಮನೆ ಮುಂದಿನ ಕಣದಲ್ಲೇ ಸುತ್ತಿ.

ಬಾರ್ಡರ್‌ನಲ್ಲಿರೋರಿಗೆ ಇನ್ನೊಂದು ಭರವಸೆ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ 531 ಜನ ಬಾರ್ಡರ್‌ನವರನ್ನ ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಏನೂ ಮಾಡದವರಲ್ಲಿ 100ಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39 ಜನಕ್ಕೆ. ಮಾತ್ರೆ ತಗೊಂಡ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದ್ರೆ ಬಾರ್ಡರ್ ಹಂತದಲ್ಲಿ ನಡಿಗೆ ಮಾತ್ರೆಯಷ್ಟೇ ಕೆಲಸ ಮಾಡಿತು.

ನಿದ್ದೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ತ್ರೀಫೇಸ್ ಕರೆಂಟ್ ರಾತ್ರಿ ಬಂದ್ರೆ ಎದ್ದು ನೀರು ತಿರುಗಿಸೋರು ನಾವು. ನಿದ್ದೆ ಕೆಟ್ರೆ ಇನ್ಸುಲಿನ್ ಕೆಲಸ ಕುಂಠಿತ ಆಗುತ್ತೆ, ಮಾರನೇ ದಿನ ಹಸಿವೂ ಹೆಚ್ಚು. ಅಣ್ಣ ತಮ್ಮಂದಿರು ಸರದಿ ಮಾಡ್ಕೊಳ್ಳಿ, ಮಧ್ಯಾಹ್ನ ಅರ್ಧ ಗಂಟೆ ಮಲಗಿ.

ಸೊಪ್ಪು, ಬೇರು, ಕಷಾಯ: ಎಷ್ಟು ನಂಬಬೇಕು?

ಮೆಂತ್ಯದಲ್ಲಿ ಗುಣ ಇದೆ. 1990ರ ಸುಮಾರಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೇ ದಿನಕ್ಕೆ 25 ಗ್ರಾಂ ಮೆಂತ್ಯ ಕೊಟ್ಟು ಅಧ್ಯಯನ ಮಾಡಿದ್ರು, ಶುಗರ್ ಇಳಿಯೋದು ಕಂಡಿತ್ತು. ಅದರ ಅಂಟಂಟಾದ ನಾರು ಸಕ್ಕರೆಯನ್ನ ನಿಧಾನ ಮಾಡುತ್ತೆ. ಮೆಂತ್ಯ, ಹಾಗಲಕಾಯಿ ಇವನ್ನ ಅಡುಗೆಯಾಗಿ ಧಾರಾಳವಾಗಿ ತಿನ್ನಿ. ಮಧುನಾಶಿನಿ ಎಲೆ ಅಗಿದ್ರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ಗೊತ್ತಾಗಲ್ಲ. ನಾಲಿಗೆಗೆ ಗೊತ್ತಾಗದೇ ಇದ್ರೂ ರಕ್ತಕ್ಕೆ ಗೊತ್ತಾಗುತ್ತೆ, ನೆನಪಿರಲಿ. ಮನೆ ಮುಂದೆ ಬೆಳೆಯೋ "ಇನ್ಸುಲಿನ್ ಗಿಡ"ದ ಎಲೆಯಲ್ಲಿ ಇನ್ಸುಲಿನ್ ಇಲ್ಲ, ಹೆಸರು ಮಾತ್ರ. ಅಮೃತಬಳ್ಳಿ ಕಷಾಯ ವಿಪರೀತ ಕುಡಿದವರಲ್ಲಿ ಲಿವರ್ ತೊಂದರೆ ಆದದ್ದನ್ನ ವೈದ್ಯರು ದಾಖಲಿಸಿದ್ದಾರೆ. ಲೇಬಲ್ ಇಲ್ಲದ ಪುಡಿಯನ್ನಂತೂ ಮುಟ್ಟಬೇಡಿ. ಅದರಲ್ಲಿ ಏನು ಬೆರೆಸಿದ್ದಾರೋ ಯಾರಿಗೂ ಗೊತ್ತಿರಲ್ಲ.

"ಮಾತ್ರೆ ಕೆಮಿಕಲ್ಲು, ಇದು ನ್ಯಾಚುರಲ್ಲು" ಅಂತಾರಲ್ಲ, ಅದಕ್ಕೊಂದು ಕಥೆ. ನಮ್ಮಲ್ಲಿ ಹೆಚ್ಚು ಜನ ತಗೊಳ್ಳೋ ಮಾತ್ರೆ ಮೆಟ್‌ಫಾರ್ಮಿನ್. ಅದರ ಮೂಲ ಯೂರೋಪಿನ ಗಲೇಗಾ ಅನ್ನೋ ಗಿಡ, ನಮ್ಮ ಅವರೆ, ಹುರುಳಿ ಕುಟುಂಬದ್ದೇ. ಅಲ್ಲಿನ ನಾಟಿ ವೈದ್ಯದಲ್ಲಿ ಬಳಸ್ತಿದ್ರು. ಆದ್ರೆ ಗಿಡ ಹಾಗೇ ತಿಂದ್ರೆ ವಿಷ, ದನಕರುಗೂ ಆಗ್ತಿರಲಿಲ್ಲ. ಅದರ ಸತ್ವದ ಜಾಡು ಹಿಡಿದು, ಅದನ್ನ ಹೋಲೋ ಸುರಕ್ಷಿತ ವಸ್ತು ಮಾಡಿ, ಅಳತೆ ಕಟ್ಟಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಶುಗರ್ ರೋಗಿಗಳಲ್ಲಿ ಬಳಸಿದ ಫಲಿತಾಂಶ ಪ್ರಕಟಿಸಿದ್ರು. ಗಿಡಮೂಲಿಕೆಗೂ ಮಾತ್ರೆಗೂ ಇರೋ ದೊಡ್ಡ ವ್ಯತ್ಯಾಸ ಅಂದ್ರೆ ಅಳತೆ, ಪರೀಕ್ಷೆ.

ಮಾತ್ರೆ ನೀವಾಗಿ ಬಿಡಬೇಡಿ

ನಮ್ಮ ದೊಡ್ಡಪ್ಪ ಒಬ್ಬರು ಒಂದು ವಿಡಿಯೋ ನೋಡಿ ಮಾತ್ರೆ ನಿಲ್ಲಿಸಿ ಕಷಾಯಕ್ಕೆ ಬಂದ್ರು. ಮೊದಲ ತಿಂಗಳು "ಮೈ ಹಗುರಾಗಿದೆ" ಅಂತಿದ್ರು. ಟೆಸ್ಟ್ ಮಾಡಿಸಲಿಲ್ಲ. ನಾಲ್ಕನೇ ತಿಂಗಳು ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಪಾದದಲ್ಲಿ ಸ್ಪರ್ಶವೇ ಇರಲಿಲ್ಲ. ವಾಸನೆ ಬಂದ ಮೇಲೆ ದೊಡ್ಡಮ್ಮ ನೋಡಿದ್ದು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದ್ರು. ಆಮೇಲೆ ಅವರು ಬದುವಿನ ಮೇಲೆ ನಡೆಯೋದೇ ಕಷ್ಟ ಆಯ್ತು, ಹೂವಿನ ತೋಟವನ್ನ ಗುತ್ತಿಗೆಗೆ ಕೊಟ್ರು. ಶುಗರ್ ಏರಿದ್ರೆ ನೋವಾಗಲ್ಲ, ಅದೇ ಅದರ ಅಪಾಯ.

ಮಾತ್ರೆ ಕಡಿಮೆ ಆಗೋದೇ ಇಲ್ವಾ? ಆಗುತ್ತೆ. ಬ್ರಿಟನ್ನಿನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಯಿಲೆ ಬಂದು 6 ವರ್ಷದೊಳಗಿನವರು ತೂಕ ಇಳಿಸಿದಾಗ, ವರ್ಷದ ಕೊನೆಗೆ 100ಕ್ಕೆ 46 ಜನರ ಶುಗರ್ ಮಾತ್ರೆ ಇಲ್ಲದೆಯೇ ಕಾಯಿಲೆಯ ಮಟ್ಟಕ್ಕಿಂತ ಕೆಳಗಿತ್ತು. ಆದ್ರೆ ಅಲ್ಲಿ ಎಲ್ಲವೂ ವೈದ್ಯರ ಕಣ್ಣಳತೆಯಲ್ಲಿ, ಟೆಸ್ಟ್ ಮಾಡ್ತಾ ನಡೀತು. ಕ್ರಮ ಇದು: ಮೊದಲು ಊಟ, ನಡಿಗೆ ಸರಿ ಮಾಡಿ. ರಿಪೋರ್ಟ್ ಇಳಿಯಲಿ. ರಿಪೋರ್ಟ್ ನೋಡಿ ಡಾಕ್ಟರೇ ಮಾತ್ರೆ ಇಳಿಸ್ತಾರೆ. ಇನ್ನು ಮಕ್ಕಳಿಗೆ, ಹದಿಹರೆಯದವರಿಗೆ ಬರೋ ಟೈಪ್ 1 ಶುಗರ್ ಬೇರೆಯೇ. ಅವರ ಮೈಯಲ್ಲಿ ಇನ್ಸುಲಿನ್ ತಯಾರಾಗೋದೇ ಇಲ್ಲ, ಇಂಜೆಕ್ಷನ್ ನಿಲ್ಲಿಸಿದ್ರೆ ಕೆಲವೇ ದಿನದಲ್ಲಿ ಜೀವಕ್ಕೆ ಅಪಾಯ.

ಹೊಲದಲ್ಲಿ ತಲೆ ಸುತ್ತಿದ್ರೆ

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಮಾತ್ರೆ ನುಂಗಿ, ತಿಂಡಿ ತಿನ್ನದೆ ಹೊಲಕ್ಕೆ ಇಳಿಯಬಾರದು. ಶುಗರ್ 70ಕ್ಕಿಂತ ಕೆಳಗಿಳಿದ್ರೆ ಬೆವರು, ನಡುಕ, ಕಣ್ಣು ಮಂಜು, ಮಾತು ತೊದಲು ಬರುತ್ತೆ. ಊರವರು ಕುಡಿದಿದ್ದಾನೆ ಅಂದ್ಕೊಳ್ಳೋದೂ ಉಂಟು. ತಕ್ಷಣ 3 ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿ, ಸರಿಯಾಗದಿದ್ರೆ ಇನ್ನೊಂದು ಸಲ ಕೊಡಿ. ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಹೊಲಕ್ಕೆ ಹೋಗೋವಾಗ ಜೇಬಲ್ಲಿ ಸಕ್ಕರೆ ಪೊಟ್ಟಣ ಇರಲಿ. ಉಪವಾಸ ಮಾಡೋರು, ಮೆಂತ್ಯ ಪುಡಿ ಹೆಚ್ಚು ತಗೊಳ್ಳೋರು ಡಾಕ್ಟರಿಗೆ ಮೊದಲೇ ಹೇಳಿ.

ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ. ಕೆಸರಲ್ಲಿ ಗಂಬೂಟು, ಒಣ ನೆಲದಲ್ಲಿ ಬೆರಳು ಮುಚ್ಚೋ ಶೂ ಹಾಕಿ. ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ನೋಡ್ಕೊಳ್ಳಿ. ಬಗ್ಗೋಕಾಗದ ಅಪ್ಪ ಅಮ್ಮನ ಅಂಗಾಲನ್ನ ನೀವೇ ಫೋನ್ ಟಾರ್ಚ್ ಹಾಕಿ ನೋಡಿ. ಸಣ್ಣ ಗಾಯ ಆದ್ರೂ ಆಸ್ಪತ್ರೆಗೆ ತೋರಿಸಿ, ಅರಿಶಿನ ಹಚ್ಚಿ ಕಾಯಬೇಡಿ.

ನಂಬರ್ ಗೊತ್ತಿರಲಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೀವಿ! ಇದೂ ಅಷ್ಟೇ.

- ಖಾಲಿ ಹೊಟ್ಟೆಯಲ್ಲಿ: 100ರೊಳಗೆ ಸರಿ, 100–125 ಬಾರ್ಡರ್, 126 ಮತ್ತು ಮೇಲೆ ಸಕ್ಕರೆ ಕಾಯಿಲೆ. ಒಂದೇ ಸಲದ ಟೆಸ್ಟ್ ನಂಬದೆ ಇನ್ನೊಮ್ಮೆ ಮಾಡಿಸಿ.
- ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ): 5.7ರೊಳಗೆ ಸರಿ, 5.7–6.4 ಬಾರ್ಡರ್, 6.5 ಮತ್ತು ಮೇಲೆ ಕಾಯಿಲೆ. ಟೆಸ್ಟಿನ ಹಿಂದಿನ ದಿನ ಮಾತ್ರ ಪಥ್ಯ ಮಾಡಿದ್ರೆ ಇದು ಮೋಸ ಹೋಗಲ್ಲ.
- ಕಾಯಿಲೆ ಇರೋರಿಗೆ ಸಾಮಾನ್ಯ ಗುರಿ: ಖಾಲಿ ಹೊಟ್ಟೆ 80–130, ಊಟದ ನಂತರ 180ರೊಳಗೆ, ಎಚ್‌ಬಿಎ1ಸಿ 7ರೊಳಗೆ. ವಯಸ್ಸು, ಬೇರೆ ಕಾಯಿಲೆ ನೋಡಿ ಡಾಕ್ಟರ್ ಬದಲಾಯಿಸಬಹುದು.

30 ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿ.ಪಿ. ತಪಾಸಣೆ ಉಚಿತ, ಮಾತ್ರೆಯೂ ಅಲ್ಲೇ ಸಿಗುತ್ತೆ. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡ್ತಾರೆ. ನಿಮ್ಮ ಊರಿಗೆ ಯಾವಾಗ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿ. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದದ ಪರೀಕ್ಷೆಯೂ ಬೇಕು.

ಫೋನನ್ನ ಹೀಗೆ ಬಳಸಿ

ಮನೆಯಲ್ಲಿ ಗ್ಲೂಕೋಮೀಟರ್ ಇದ್ರೆ ಒಂದು ಪ್ರಾತ್ಯಕ್ಷಿಕೆ ಮಾಡಿ. ಒಂದು ದಿನ ನೀವು ಯಾವಾಗಲೂ ಉಣ್ಣೋ ಊಟ ಮಾಡಿ, ಊಟಕ್ಕೆ ಮುಂಚೆ ಮತ್ತು ಉಂಡು ಎರಡು ಗಂಟೆ ಬಿಟ್ಟು ಶುಗರ್ ನೋಡಿ. ಇನ್ನೊಂದು ದಿನ ಸಣ್ಣ ಮುದ್ದೆ, ಹೆಚ್ಚು ಬಸ್ಸಾರು, ಆಮೇಲೆ 10 ನಿಮಿಷ ನಡಿಗೆ, ಮತ್ತೆ ಹಾಗೇ ನೋಡಿ. ಎರಡು ತಾಕು ಪಕ್ಕಪಕ್ಕ ಬೆಳೆದು ಇಳುವರಿ ಹೋಲಿಸಿದ ಹಾಗೆ. ಯಾವ ವಿಡಿಯೋವೂ ಬೇಡ, ನಿಮ್ಮ ಮೈಯೇ ಉತ್ತರ ಹೇಳುತ್ತೆ.

ಫೋನಿನ ನೋಟ್ಸ್‌ನಲ್ಲಿ ತಾರೀಖು, ನಂಬರ್ ಬರೆದಿಡಿ. ರಿಪೋರ್ಟಿನ ಫೋಟೋ ತೆಗೆದು ಬೇರೆ ಫೋಲ್ಡರ್ ಮಾಡಿ, ಡಾಕ್ಟರ್ ಕೇಳಿದಾಗ ತೋರಿಸಬಹುದು. ಅಪ್ಪನ ಮಾತ್ರೆಗೆ ಅಲಾರಂ ಇಡಿ. "ಏಳು ದಿನದಲ್ಲಿ ಶುಗರ್ ಮಾಯ" ಅನ್ನೋ ಮೆಸೇಜ್ ಬಂದ್ರೆ ಮೂರು ಪ್ರಶ್ನೆ ಕೇಳಿ: ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು? ಎಷ್ಟು ಜನರಲ್ಲಿ? ಕೊನೆಗೆ ಏನನ್ನಾದ್ರೂ ಮಾರ್ತಿದ್ದಾರಾ? ಉತ್ತರ ಇಲ್ಲದಿದ್ರೆ ಫಾರ್ವರ್ಡ್ ಮಾಡಬೇಡಿ.

ಈ ವಾರದ ಕೆಲಸ ನಾಲ್ಕೇ: ಮನೆಯ ಹಿಟ್ಟು ಒಮ್ಮೆ ತೂಗಿ, ಟೀಗೆ ಅರ್ಧ ಚಮಚ ಸಕ್ಕರೆ ಕಡಿಮೆ ಮಾಡಿ, ರಾತ್ರಿ ಊಟದ ನಂತರ 10 ನಿಮಿಷ ನಡೆಯಿರಿ, ಮನೆಯಲ್ಲಿ 30 ದಾಟಿದವರನ್ನೆಲ್ಲ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ಟೆಸ್ಟ್ ಮಾಡಿಸಿ. ಮಾತ್ರೆ ನಡೀತಿದ್ರೆ ನಡೀಲಿ. ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮಾಡಿಸಿ, ಈ ವಾರದ ನಂಬರ್ ಪಕ್ಕ ಇಟ್ಟು ನೋಡಿ.